ಮೇ ತಿಂಗಳಲ್ಲಿ ಮೈನಸ್ ನಲವತ್ತು

ಅಥಣಿಯಲ್ಲಿ ಮದುವೆ ಊಟ ಮುಗಿಸಿಕೊಂಡು ಚಿಕ್ಕೋಡಿಗೆ ಹೊರಟಾಗ ಮಧ್ಯಾಹ್ನ ಎರಡೂವರೆ. ಮೇ ತಿಂಗಳ ಬಿಸಿಲು ರಸ್ತೆಯ ಮೇಲೆ ಕುಣಿಯುತ್ತಿತ್ತು. ಉಗಾರ ದಾಟಿ ಕುಡಚಿ ಸೇತುವೆಯ ಹತ್ತಿರ ಬಂದಾಗ, ಕಾರು ಓಡಿಸುತ್ತಿದ್ದ ಭಾಚಾ, ಅಂದರೆ ನನ್ನ ತಂಗಿಯ ಮಗ, "ಮಾಮಾ, ಇಲ್ಲಿ ನೋಡ್ರಿ" ಎಂದು ಡ್ಯಾಶ್‌ಬೋರ್ಡಿನ ಮೂಲೆಗೆ ಬೆರಳು ತೋರಿಸಿದ. ಹೊರಗಿನ ತಾಪಮಾನ ಮೈನಸ್ 40 ಡಿಗ್ರಿ ಎಂದು ಬರೆದಿತ್ತು. ಎಸಿಯಿಂದ ಬರುತ್ತಿದ್ದುದು ಬಿಸಿ ಗಾಳಿ. ಹಿಂದಿನ ಸೀಟಿನಲ್ಲಿ ಅವನ ಎರಡು ವರ್ಷದ ಮಗಳು ಬೆವರಿ ಕೆಂಪಾಗಿ ಅಳುತ್ತಿದ್ದಳು. ನಾಲ್ಕೂ ಗಾಜು ಇಳಿಸಿ, ರಾಯಬಾಗದಲ್ಲಿ ನೀರಿಗೆ ನಿಂತು, ಹೇಗೋ ಮನೆ ಮುಟ್ಟಿದೆವು.

ಹದಿನೈದು ದಿನದ ಹಿಂದೆಯೇ ಅವನು ಇದೇ ಎಸಿಗೆ ಒಂದು ಗ್ಯಾರೇಜಿನಲ್ಲಿ ಎರಡೂವರೆ ಸಾವಿರ ರೂಪಾಯಿ ಕೊಟ್ಟು ಗ್ಯಾಸ್ ತುಂಬಿಸಿಕೊಂಡು ಬಂದಿದ್ದ. ಅವತ್ತು ಸಂಜೆ ತಂಪಾಗಿ ಓಡಿತ್ತು, ಮೂರನೇ ದಿನ ಮತ್ತೆ ನಿಂತಿತು. ಮರಳಿ ಹೋದರೆ "ಕಂಪ್ರೆಸರ್ ಹೋಗೈತ್ರಿ, ಇಪ್ಪತ್ತು ಸಾವಿರದ ಮ್ಯಾಲೆ ಆಕ್ಕೈತಿ" ಎಂಬ ಮಾತು ಕೇಳಿ ಬಂದಿದ್ದ. ಕಂಪ್ರೆಸರ್‌ಗೆ ಏನೂ ಆಗಿರಲಿಲ್ಲ, ಗ್ಯಾಸ್ ಕೂಡ ಸೋರಿರಲಿಲ್ಲ. ಡ್ಯಾಶ್‌ಬೋರ್ಡಿನ ಆ ಒಂದು ಸಂಖ್ಯೆ ಎಲ್ಲವನ್ನೂ ಹೇಳುತ್ತಿತ್ತು. ಅದನ್ನು ಯಾರೂ ಓದಿರಲಿಲ್ಲ. ನಮ್ಮ ಕಡೆಯ ಬೇಸಿಗೆಯಲ್ಲಿ ಇಂಥ ಕಾರು ಊರಿಗೆ ನಾಲ್ಕಾದರೂ ಇರುತ್ತವೆ ಎಂಬ ಕಾರಣಕ್ಕೆ ಇವತ್ತಿನ ಅಂಕಣವನ್ನು ಈ ಚಿಕ್ಕ ಸೆನ್ಸರ್‌ಗೆ ಕೊಡುತ್ತಿದ್ದೇನೆ.

ಮುಂದಿನ ಬಂಪರ್ ಹಿಂದೆ, ರೇಡಿಯೇಟರಿನ ಮುಂದೆ, ಗಾಳಿ ನೇರವಾಗಿ ಬಡಿಯುವ ಜಾಗದಲ್ಲಿ ಹೆಬ್ಬೆರಳಿನ ಗಾತ್ರದ ಕರಿ ಪ್ಲಾಸ್ಟಿಕ್ ತುಂಡೊಂದು ಕ್ಲಿಪ್ಪಿಗೆ ಸಿಕ್ಕಿಕೊಂಡಿರುತ್ತದೆ. ಕೆಲವು ಕಾರುಗಳಲ್ಲಿ ಬದಿಯ ಕನ್ನಡಿಯ ಕೆಳಗಿರುತ್ತದೆ. ಅದರೊಳಗಿರುವುದು ಥರ್ಮಿಸ್ಟರ್ ಎಂಬ ಮಣಿ. ಬಿಸಿಯಾದಷ್ಟೂ ವಿದ್ಯುತ್ತಿಗೆ ಅದು ಒಡ್ಡುವ ಅಡ್ಡಿ ಕಡಿಮೆಯಾಗುತ್ತದೆ, ತಣ್ಣಗಾದಷ್ಟೂ ಹೆಚ್ಚುತ್ತದೆ. ತಾಮ್ರದಂಥ ಲೋಹದ ಗುಣಕ್ಕೆ ಇದು ಪೂರ್ತಿ ವಿರುದ್ಧ. ಬೆಳ್ಳಿಯ ಸಲ್ಫೈಡ್‌ನಲ್ಲಿ ಈ ತಲೆಕೆಳಗಾದ ಗುಣವನ್ನು ಮೈಕೆಲ್ ಫ್ಯಾರಡೆ 1833ರಲ್ಲೇ ಗಮನಿಸಿ ಬರೆದಿಟ್ಟಿದ್ದ. ಇವತ್ತು ಕಾರು, ಫ್ರಿಜ್, ಮೊಬೈಲ್ ಬ್ಯಾಟರಿ ಎಲ್ಲದರಲ್ಲೂ ಅದೇ ಗುಣ ಕೆಲಸಕ್ಕೆ ಬರುತ್ತಿದೆ.

ಬಹಳ ಕಡೆ ಬಳಕೆಯಲ್ಲಿರುವ ಒಂದು ಬಗೆಯ ಥರ್ಮಿಸ್ಟರ್ 25 ಡಿಗ್ರಿಯಲ್ಲಿ 10 ಸಾವಿರ ಓಮ್ ತೋರಿಸುತ್ತದೆ. ಮಂಜುಗಡ್ಡೆಯ ನೀರಿನಲ್ಲಿ ಇಟ್ಟರೆ ಸುಮಾರು 33 ಸಾವಿರಕ್ಕೆ ಏರುತ್ತದೆ, 40 ಡಿಗ್ರಿಯಲ್ಲಿ 5,300ರ ಆಸುಪಾಸಿಗೆ ಇಳಿಯುತ್ತದೆ. ಕಂಪನಿಯಿಂದ ಕಂಪನಿಗೆ ಅಂಕಿ ಬೇರೆಯಾಗುತ್ತದೆ, ಆದ್ದರಿಂದ ನಿಮ್ಮ ಕಾರಿನ ಕೈಪಿಡಿಯದ್ದೇ ಕೊನೆಯ ಮಾತು. ಏರಿಳಿತದ ದಾರಿ ಮಾತ್ರ ಎಲ್ಲೆಡೆ ಒಂದೇ. ಕಾರಿನ ಕಂಪ್ಯೂಟರ್ ಒಂದು ವೈರಿನಲ್ಲಿ 5 ವೋಲ್ಟ್ ಕಳಿಸುತ್ತದೆ, ಇನ್ನೊಂದು ವೈರಿನಲ್ಲಿ ಅದು ಮರಳಿ ಬರುತ್ತದೆ. ನಡುವೆ ಮಣಿ ಎಷ್ಟು ಅಡ್ಡಿ ಒಡ್ಡಿತು ಎಂಬುದನ್ನು ವೋಲ್ಟೇಜಿನಲ್ಲಿ ಅಳೆದು ಡಿಗ್ರಿಗೆ ತಿರುಗಿಸುತ್ತದೆ.

ಈಗ ಆ ಎರಡು ವೈರುಗಳಲ್ಲಿ ಒಂದು ಕಡಿಯಿತು ಎನ್ನಿ. ಕರೆಂಟೇ ಹರಿಯದಾಗ ಕಂಪ್ಯೂಟರಿಗೆ ಅಡ್ಡಿ ಅಪಾರವಾಗಿ ಕಾಣುತ್ತದೆ. ಅಪಾರ ಅಡ್ಡಿ ಅಂದರೆ ಅದರ ಲೆಕ್ಕದಲ್ಲಿ ಅಪಾರ ಚಳಿ. ಅದರ ಕೋಷ್ಟಕದ ಕಟ್ಟಕಡೆಯ ಸಾಲು ಸಾಮಾನ್ಯವಾಗಿ ಮೈನಸ್ 40, ಅಲ್ಲಿಗೆ ಹೋಗಿ ನಿಂತುಬಿಡುತ್ತದೆ. ಸೆಲ್ಸಿಯಸ್, ಫ್ಯಾರನ್‌ಹೀಟ್ ಎರಡೂ ಅಳತೆಗಳು ಸೇರುವ ಒಂದೇ ಒಂದು ಬಿಂದು ಅದು, ಹಾಗಾಗಿ ಯಾವ ಅಳತೆಗೆ ಹಾಕಿ ನೋಡಿದರೂ ಅದೇ ಸಂಖ್ಯೆ. ಎರಡು ವೈರು ಒಂದಕ್ಕೊಂದು ತಾಗಿ ಶಾರ್ಟ್ ಆದರೆ ಇದರ ತಿರುಗುಮುರುಗು: ಅಡ್ಡಿ ಸೊನ್ನೆ, ತಾಪಮಾನ ಕೋಷ್ಟಕದ ತುತ್ತತುದಿಗೆ ಏರುತ್ತದೆ. ಕೆಲವು ಕಾರುಗಳು ನಂಬಲಾಗದ ಅಂಕಿ ಬಂದಾಗ ಎರಡು ಅಡ್ಡಗೆರೆ ಎಳೆದು ಸುಮ್ಮನಾಗುತ್ತವೆ. ಆಗ ಸ್ಕ್ಯಾನರ್ ಹಚ್ಚಿದರೆ ಗೆರೆಯ ಹಿಂದಿನ ಅಂಕಿ ಸಿಗುತ್ತದೆ.

ಮೈನಸ್ 40ಕ್ಕೂ ಎಸಿ ನಿಲ್ಲುವುದಕ್ಕೂ ಏನು ಸಂಬಂಧ? ಹೊರಗೆ ಕೊರೆಯುವ ಚಳಿ ಇದ್ದಾಗ ಕಂಪ್ರೆಸರ್ ತಿರುಗಿದರೆ ಒಳಗಿನ ಕಾಯಿಲ್ ಹಿಮಗಟ್ಟುತ್ತದೆ, ಕಂಪ್ರೆಸರಿಗೂ ಎಣ್ಣೆ ಸರಿಯಾಗಿ ಮುಟ್ಟುವುದಿಲ್ಲ. ಅದಕ್ಕೇ ಅನೇಕ ಕಾರುಗಳಲ್ಲಿ, ಅದರಲ್ಲೂ ತಾಪಮಾನ ತಾನೇ ಹೊಂದಿಸಿಕೊಳ್ಳುವ ಎಸಿ ಇರುವ ಕಾರುಗಳಲ್ಲಿ, ಹೊರಗಿನ ತಾಪಮಾನ ಎರಡು-ಮೂರು ಡಿಗ್ರಿಗಿಂತ ಕೆಳಗಿಳಿದರೆ ಕಂಪ್ರೆಸರಿಗೆ ಅಪ್ಪಣೆಯೇ ಸಿಗುವುದಿಲ್ಲ. ನಮ್ಮ ಕಾರಿನ ಕಂಪ್ಯೂಟರ್ ತನಗೆ ತಿಳಿದಂತೆ ಕಂಪ್ರೆಸರನ್ನು ಕಾಪಾಡುತ್ತಿತ್ತು. ಸೆನ್ಸರ್ ಕೆಟ್ಟಿದೆ ಎಂದು ಗುರುತಿಸಿ, ಒಂದು ಅಂದಾಜು ಅಂಕಿ ಹಿಡಿದು ಎಸಿ ಓಡಿಸುವ ಕಾರುಗಳೂ ಇವೆ. ಕೈಯಿಂದ ತಿರುಗಿಸುವ ಸಾದಾ ಎಸಿಯಲ್ಲಿ ಹಲವು ಸಲ ಈ ಸೆನ್ಸರ್ ಬರೀ ತೋರಿಕೆಗೆ ಇರುತ್ತದೆ. ಪಕ್ಕದ ಮನೆಯವರ ಕಾರಿನಲ್ಲಿ ಇದೇ ದೋಷ ಇದ್ದೂ ಎಸಿ ಓಡುತ್ತಿದ್ದರೆ ನಿಮ್ಮದರಲ್ಲೂ ಓಡಬೇಕೆಂದಿಲ್ಲ.

ಮರುದಿನ ಬೆಳಿಗ್ಗೆ ಏಳಕ್ಕೆ ವೈರಿಂಗ್ ಕಾಕಾನನ್ನು ಮನೆಗೇ ಕರೆಸಿದೆವು. ಟ್ರ್ಯಾಕ್ಟರ್, ಟಂಟಂ, ಕಾರು ಎಂದು ಚಿಕ್ಕೋಡಿಯಲ್ಲಿ ಮೂವತ್ತು ವರ್ಷದಿಂದ ವಾಹನಗಳ ವೈರಿಂಗ್ ಮಾಡುವ ಮನುಷ್ಯ. ಎದ್ದ ಕೂಡಲೇ ಕಾರು ಚಾಲೂ ಮಾಡಬೇಡಿ ಎಂದು ಹಿಂದಿನ ರಾತ್ರಿಯೇ ಫೋನಿನಲ್ಲಿ ತಾಕೀತು ಮಾಡಿದ್ದ. ಬಂದವನೇ ಬಾನೆಟ್ ಮುಟ್ಟದೆ, ಸ್ಟೇರಿಂಗ್ ಕೆಳಗಿನ ಹದಿನಾರು ಪಿನ್ನಿನ ಸಾಕೆಟ್ಟಿಗೆ ಸ್ಕ್ಯಾನರ್ ಸಿಕ್ಕಿಸಿ, ಎಂಜಿನ್ ಹಚ್ಚದೆ ಕೀಲಿ ಮಾತ್ರ ಆನ್ ಮಾಡಿಸಿದ. "ಪಾರ್ಟ್ ಬದಲಿ ಮಾಡೂದು ಕಡೀಕ ಇರ್ಲಿ. ಮೊದಲ ಇದು ಏನ್ ಹೇಳತೈತಿ ಕೇಳೂಣು" ಎಂದ.

ಆ ತಾಕೀತಿಗೆ ಕಾರಣವಿದೆ. ರಾತ್ರಿಯಿಡೀ ನಿಂತ ಕಾರಿನಲ್ಲಿ ಎಂಜಿನ್ನಿನ ಕೂಲಂಟ್, ಎಂಜಿನ್ ಸೇದಿಕೊಳ್ಳುವ ಗಾಳಿ, ಹೊರಗಿನ ಗಾಳಿ ಈ ಮೂರನ್ನೂ ಅಳೆಯುವ ಬೇರೆ ಬೇರೆ ಸೆನ್ಸರ್‌ಗಳು ಇರುತ್ತವೆ. ಒಂದೇ ಛಾವಣಿಯ ಕೆಳಗೆ ಮಲಗಿ ಎದ್ದ ಮೂವರೂ ಬೆಳಿಗ್ಗೆ ಹೆಚ್ಚುಕಡಿಮೆ ಒಂದೇ ಮಾತು ಹೇಳಬೇಕು, ಎರಡು-ಮೂರು ಡಿಗ್ರಿಯ ವ್ಯತ್ಯಾಸ ಇರಬಹುದು. ಎಂಜಿನ್ ಒಮ್ಮೆ ಬಿಸಿಯಾದರೆ ಈ ಹೋಲಿಕೆ ಕೈತಪ್ಪಿ ಹೋಗುತ್ತದೆ. ನಮ್ಮ ಕಾರಿನಲ್ಲಿ ಕೂಲಂಟ್ 27, ಒಳಗಾಳಿ 27, ಹೊರಗಾಳಿ ಮೈನಸ್ 40. ಇದಕ್ಕಿಂತ ಸ್ಪಷ್ಟವಾದ ಸಾಕ್ಷಿ ಇನ್ನೊಂದಿಲ್ಲ. ಒಂದು ರೂಪಾಯಿ ಖರ್ಚಿಲ್ಲದ ಈ ಪರೀಕ್ಷೆಯನ್ನು ಕಾರು ಇರುವ ಪ್ರತಿಯೊಬ್ಬರೂ ಕಲಿಯಬೇಕು ಎಂದು ನನಗೆ ಮನಸಾರೆ ಅನಿಸುತ್ತದೆ. ಮೊಬೈಲಿಗೆ ಬ್ಲೂಟೂತ್‌ನಿಂದ ಕೂಡುವ ಅಗ್ಗದ ಸ್ಕ್ಯಾನರ್‌ಗಳು ಈಗ ಸಿಗುತ್ತವೆ. ದೋಷಗಳನ್ನು ತಾನೇ ಪತ್ತೆಹಚ್ಚುವ ಎರಡನೇ ಹಂತದ ವ್ಯವಸ್ಥೆ ನಮ್ಮ ದೇಶದ ಕಾರುಗಳಿಗೆ 2013ರ ಏಪ್ರಿಲ್‌ನಿಂದ ಕಡ್ಡಾಯವಾದದ್ದರಿಂದ, ಆಮೇಲಿನ ಕಾರುಗಳಲ್ಲಿ ಕೂಲಂಟ್ ಮತ್ತು ಒಳಗಾಳಿಯ ಅಂಕಿಗಳಂತೂ ಸಿಕ್ಕೇ ಸಿಗುತ್ತವೆ. ಹೊರಗಾಳಿಯದು ಸಿಗದಿದ್ದರೆ ಡ್ಯಾಶ್‌ಬೋರ್ಡಿನಲ್ಲಿ ಓದಿಕೊಂಡರಾಯಿತು.

ಸ್ಕ್ಯಾನರ್ ಕೊಡುವ ದೋಷದ ಸಂಖ್ಯೆಯಲ್ಲಿ ಒಂದು ತೊಡಕಿದೆ. ಹೊರಗಿನ ತಾಪಮಾನದ ಸೆನ್ಸರಿಗೆ ಪಿ0070ರಿಂದ ಶುರುವಾಗುವ ಸಾಲು ಮೀಸಲು. ಪಿ0072 ಎಂದರೆ 'ಲೋ', ಪಿ0073 ಎಂದರೆ 'ಹೈ'. ಈ ಲೋ, ಹೈ ತಾಪಮಾನದ್ದಲ್ಲ, ವೋಲ್ಟೇಜಿನದು. ವೈರು ಕಡಿದರೆ ವೋಲ್ಟೇಜ್ 5ಕ್ಕೆ ಏರಿ 'ಹೈ' ಬರುತ್ತದೆ, ತಾಪಮಾನ ಮಾತ್ರ ಪಾತಾಳಕ್ಕಿಳಿದಿರುತ್ತದೆ. ಇದನ್ನು ಉಲ್ಟಾ ತಿಳಿದು ಕಡಿದ ವೈರು ಹುಡುಕುವ ಬದಲು ಶಾರ್ಟ್ ಹುಡುಕುತ್ತ ಅರ್ಧ ದಿನ ಕಳೆದವರನ್ನು ನೋಡಿದ್ದೇನೆ. ಎಷ್ಟೋ ಕಾರುಗಳಲ್ಲಿ ಈ ದೋಷ ಎಂಜಿನ್ ಕಂಪ್ಯೂಟರಿನಲ್ಲಿ ದಾಖಲಾಗದೆ ಎಸಿಯ ಪ್ರತ್ಯೇಕ ಪೆಟ್ಟಿಗೆಯಲ್ಲಿ ಕೂತಿರುತ್ತದೆ, ಅಗ್ಗದ ಸ್ಕ್ಯಾನರ್ ಅಲ್ಲಿಗೆ ಹೋಗುವುದೇ ಇಲ್ಲ. ದೋಷ ಇಲ್ಲ ಎಂದು ಅದು ಹೇಳಿದರೆ ನಂಬಿ ಕೂರಬೇಡಿ.

ಬಂಪರಿನ ಕೆಳಗೆ ಚೀಲ ಹಾಸಿಕೊಂಡು ಮಲಗಿ ಕಾಕಾ ಸೆನ್ಸರಿನ ಕಪ್ಲರ್ ಬಿಚ್ಚಿದ. ಪಕ್ಕದಲ್ಲಿದ್ದ ಹಳದಿ ಕಪ್ಲರನ್ನು ನನ್ನ ಭಾಚಾನಿಗೆ ತೋರಿಸಿ, "ಇದು ಏರ್‌ಬ್ಯಾಗಿಂದು. ಯಾವ ಕಾಲಕ್ಕೂ ಕೈ ಹಚ್ಚಬ್ಯಾಡ" ಎಂದು ಎಚ್ಚರಿಸಿದ. ಬಂಪರ್ ಹಿಂದೆ ಕೈ ಹಾಕುವ ಎಲ್ಲರಿಗೂ ಈ ಎಚ್ಚರಿಕೆ ಅನ್ವಯಿಸುತ್ತದೆ. ಮೊದಲು ಸೆನ್ಸರಿನ ಎರಡು ಪಿನ್ನಿಗೆ ಮಲ್ಟಿಮೀಟರ್ ಹಚ್ಚಿದ: 9.2 ಸಾವಿರ ಓಮ್. ಅಂಗೈಯಲ್ಲಿ ಮುಚ್ಚಿ ಹಿಡಿದ. ಅಂಕಿ ನಿಧಾನವಾಗಿ, ಎಲ್ಲೂ ಜಿಗಿಯದೆ ಇಳಿಯತೊಡಗಿತು. 8.4, 7.9, 7.3. ಜೀವಂತ ಮಣಿಯ ನಡವಳಿಕೆ ಅದು. ಅಡುಗೆಮನೆಯಿಂದ ಒಂದು ಲೋಟದಲ್ಲಿ ಐಸ್ ಪುಡಿ ಮಾಡಿ ನೀರು ಹಾಕಿ ತರಿಸಿ, ಸೆನ್ಸರನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಅದರಲ್ಲಿ ಮುಳುಗಿಸಿದ. ಐದು ನಿಮಿಷಕ್ಕೆ 32 ಸಾವಿರದ ಮೇಲೆ ಏರಿ ನಿಂತಿತು. ಸೆನ್ಸರ್ ಗಟ್ಟಿಯಾಗಿತ್ತು. ಹೊಸದು ತಂದು ಹಾಕಿದ್ದರೂ ಮೈನಸ್ 40 ಹಾಗೇ ಉಳಿಯುತ್ತಿತ್ತು.

ಆಮೇಲೆ ಕಾರಿನ ಕಡೆಯಿಂದ ಬರುವ ಕಪ್ಲರ್. ಕೀಲಿ ಆನ್ ಮಾಡಿ ಎರಡು ಪಿನ್ನಿನ ನಡುವೆ ವೋಲ್ಟೇಜ್ ನೋಡಿದರೆ ಏನೂ ಇಲ್ಲ. ಮೀಟರಿನ ಕರಿ ಕಡ್ಡಿಯನ್ನು ಬ್ಯಾಟರಿಯ ಮೈನಸ್ಸಿಗೆ ಹಚ್ಚಿ, ಕೆಂಪು ಕಡ್ಡಿಯನ್ನು ಒಂದೊಂದೇ ಪಿನ್ನಿಗೆ ಮುಟ್ಟಿಸಿದ. ಒಂದರಲ್ಲಿ 5 ವೋಲ್ಟ್ ಬಂತು. ಅಲ್ಲಿಗೆ ಲೆಕ್ಕ ಮುಗಿಯಿತು: ಕಂಪ್ಯೂಟರಿನಿಂದ ಬರುವ ವೈರು ಸರಿಯಿದೆ, ಮರಳಿ ಹೋಗುವ ವೈರು ಎಲ್ಲೋ ಕಡಿದಿದೆ. ಎರಡೂ ಸಲ ಸೊನ್ನೆ ಬಂದಿದ್ದರೆ ಬರುವ ವೈರೇ ಕಡಿದಿದೆ ಎಂದಾಗುತ್ತಿತ್ತು. ನಮ್ಮ ರಸ್ತೆ ಬದಿಯ ಅಂಗಡಿಗಳಲ್ಲಿ ಇಂಥ ಹೊತ್ತಿನಲ್ಲಿ ಬಲ್ಬು ಕಟ್ಟಿದ ಟೆಸ್ಟರ್ ಚುಚ್ಚಿ ನೋಡುವ ರೂಢಿ ಇದೆ. ಹಾರ್ನ್, ಹೆಡ್‌ಲೈಟಿಗೆ ಅದು ಸರಿ. ಸೆನ್ಸರ್ ವೈರಿಗೆ ಚುಚ್ಚಿದರೆ ಬಲ್ಬು ಎಳೆಯುವ ಕರೆಂಟು ಕಂಪ್ಯೂಟರಿನ ಆ ಭಾಗವನ್ನೇ ಸುಡಬಹುದು. ಮುನ್ನೂರು ರೂಪಾಯಿಯ ಡಿಜಿಟಲ್ ಮೀಟರ್ ಇಲ್ಲದವರ ಕೈಗೆ ಆ ವೈರು ಕೊಡಬೇಡಿ.

ಪೂರ್ತಿ ಕಡಿದ ವೈರು ತನ್ನ ಸುಳ್ಳನ್ನು ಕೂಗಿ ಹೇಳುತ್ತದೆ, ಮೇ ತಿಂಗಳ ಮೈನಸ್ 40 ಯಾರ ಕಣ್ಣಿಗೂ ಬೀಳುತ್ತದೆ. ಕಷ್ಟವಿರುವುದು ಐದು, ಎಂಟು, ಹತ್ತು ಡಿಗ್ರಿ ತಪ್ಪು ಹೇಳುವ ಸೆನ್ಸರಿನದು. ನಮ್ಮ ನದಿ ಸೀಮೆಯಲ್ಲಿ ಇದರ ಕಾಟ ಬೇರೆ ಕಡೆಗಿಂತ ಹೆಚ್ಚು ಎಂದು ನಾನು ನಂಬಿದ್ದೇನೆ. ಮಳೆಗಾಲ ಬಂತೆಂದರೆ ಕೃಷ್ಣೆಯ ಕಲ್ಲೋಳ-ಯಡೂರು, ದೂಧಗಂಗೆಯ ಮಲಿಕವಾಡ-ದತ್ತವಾಡ, ವೇದಗಂಗೆಯ ಜತ್ರಾಟ-ಭೀವಶಿ ಸೇತುವೆಗಳು ಮುಳುಗಿದ ಸುದ್ದಿ ಓದಿಯೇ ಓದುತ್ತೇವೆ. 2019ರ ಆಗಸ್ಟ್‌ನಲ್ಲಿ ನಿಪ್ಪಾಣಿ ಹತ್ತಿರದ ಯಮಗರ್ಣಿಯಲ್ಲಿ ಹೆದ್ದಾರಿಯ ಮೇಲೇ ನೀರು ಬಂದು ಕೊಲ್ಹಾಪುರದ ದಾರಿ ಬಂದಾಗಿತ್ತು, 2021ರ ಜುಲೈಯಲ್ಲಿ ಮತ್ತೆ ಅದೇ ಪಾಡು. ಆ ವರ್ಷಗಳಲ್ಲಿ ಬಂಪರ್ ಮಟ್ಟದ ನೀರಿನಲ್ಲಿ ನಿಂತ, ಇಲ್ಲವೇ ನೀರು ಸೀಳಿಕೊಂಡು ದಾಟಿದ ಕಾರುಗಳು ಇಂದಿಗೂ ಕೆಎ 23 ನಂಬರು ಹೊತ್ತು ಓಡಾಡುತ್ತಿವೆ. ಕಪ್ಲರಿನೊಳಗೆ ಹೊಕ್ಕ ಕೆಸರು ನೀರು ಒಣಗುತ್ತದೆ, ಪಿನ್ನಿನ ಮೇಲೆ ಹಸಿರು ಕಿಲುಬು ಬೆಳೆಯುತ್ತಲೇ ಇರುತ್ತದೆ.

ಈ ಕಿಲುಬು ಮಾಡುವ ಕೆಲಸವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಅದು ದಾರಿಯಲ್ಲಿ 2 ಸಾವಿರ ಓಮ್ ಅಡ್ಡಿ ಹೆಚ್ಚಿಸಿತು ಎಂದುಕೊಳ್ಳಿ. ಡಿಸೆಂಬರಿನ ಬೆಳಿಗ್ಗೆ 20 ಡಿಗ್ರಿಯಲ್ಲಿ ಮಣಿಯ ಅಡ್ಡಿಯೇ ಹನ್ನೆರಡೂವರೆ ಸಾವಿರ. ಅದಕ್ಕೆ ಎರಡು ಸೇರಿದರೆ ಕಾರು 17 ಎಂದು ತೋರಿಸುತ್ತದೆ, ಮೂರೇ ಡಿಗ್ರಿ ತಪ್ಪು. ಯಾರಿಗೂ ಗೊತ್ತಾಗುವುದಿಲ್ಲ. ಮೇ ತಿಂಗಳ 40 ಡಿಗ್ರಿಯಲ್ಲಿ ಮಣಿಯ ಅಡ್ಡಿ ಬರೀ 5,300. ಅದರ ಮೇಲೆ ಅದೇ ಎರಡು ಸಾವಿರ ಕೂತರೆ ಕಾರು 32 ಎನ್ನುತ್ತದೆ, ಎಂಟು ಡಿಗ್ರಿ ತಪ್ಪು. ಕಿಲುಬು ಅಷ್ಟೇ ಇದ್ದರೂ ಬಿಸಿಲಿಗೆ ತಪ್ಪು ದೊಡ್ಡದಾಗುತ್ತದೆ. ತಾನೇ ಹೊಂದಿಸಿಕೊಳ್ಳುವ ಎಸಿಯಾದರೆ ಹೊರಗೆ 32 ಇದೆಯೆಂದು ತಿಳಿದು ಗಾಳಿಯನ್ನು ಮೆಲ್ಲಗೆ ಬಿಡುತ್ತದೆ. 'ಎಸಿ ಮೊದಲಿನಂಗ ಹಿಡೀವಲ್ದು' ಎಂಬ ದೂರಿನ ಹಿಂದೆ ಹಲವು ಸಲ ಇರುವುದು ಇದೇ. ಚಳಿಯಲ್ಲಿ ಸರಿ, ಬಿಸಿಲಲ್ಲಿ ಕಡಿಮೆ ಎಂದು ಅಂಕಿ ತೋರಿಸುತ್ತಿದ್ದರೆ ಮೊದಲು ಕಪ್ಲರ್ ಬಿಚ್ಚಿ ಪಿನ್ನಿನ ಬಣ್ಣ ನೋಡಿ. ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು, ಮೃದುವಾದ ಬ್ರಷ್ಷಿನಿಂದ ಉಜ್ಜಿದರೆ ಸಣ್ಣ ಕಿಲುಬು ಹೋಗುತ್ತದೆ. ಪಿನ್ನು ತಿಂದುಹೋಗಿದ್ದರೆ ಕಪ್ಲರನ್ನೇ ಬದಲಿಸಬೇಕು.

ಮಳೆಗಾಲದ ದೋಷ ಇದಕ್ಕೆ ವಿರುದ್ಧ ದಿಕ್ಕಿನದು. ಕಪ್ಲರಿನೊಳಗೆ ನೀರು ನಿಂತು ಎರಡು ಪಿನ್ನಿನ ನಡುವೆ ಕರೆಂಟಿಗೆ ಕಳ್ಳದಾರಿ ಸಿಕ್ಕರೆ ಅಡ್ಡಿ ಕಡಿಮೆಯಾಗಿ ತಾಪಮಾನ ಹೆಚ್ಚು ಕಾಣುತ್ತದೆ. ಇಲ್ಲಿ ತಪ್ಪು ತಂಪಿನಲ್ಲಿ ದೊಡ್ಡದು, ಬಿಸಿಲಲ್ಲಿ ಸಣ್ಣದು. ಜಡಿಮಳೆಯ ಆಷಾಢದ ಸಂಜೆ ನಿಮ್ಮ ಕಾರು 30ರ ಮೇಲೆ ತೋರಿಸುತ್ತಿದ್ದರೆ, ಎರಡು ದಿನ ಬಿಸಿಲು ಬಿದ್ದ ಮೇಲೆ ತಾನೇ ಸರಿಹೋದರೆ, ನೀರು ಹೊಕ್ಕಿದೆ ಎಂದೇ ತಿಳಿಯಿರಿ. ಕಪ್ಲರಿನ ರಬ್ಬರ್ ಸೀಲ್ ಹರಿದಿರುತ್ತದೆ.

ದೋಷವೇ ಇಲ್ಲದೆ ಸೆನ್ಸರನ್ನು ಬೈಯುವುದೂ ಉಂಟು. ನವೆಂಬರಿನಿಂದ ಕಾರ್ಖಾನೆಗಳ ಹಂಗಾಮು ಶುರುವಾದರೆ ನಮ್ಮ ರಸ್ತೆಗಳಲ್ಲಿ ಎರಡೆರಡು ಟ್ರೇಲರ್ ಎಳೆಯುವ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಕಿಲೋಮೀಟರುಗಟ್ಟಲೆ ತೆವಳಬೇಕು. ಮುಂದಿನಿಂದ ಗಾಳಿ ಬಡಿಯದೆ, ರೇಡಿಯೇಟರಿನ ಬಿಸಿ ಹಿಂದಿನಿಂದ ಸೆನ್ಸರಿಗೆ ತಾಗಿ ಅಂಕಿ ನಾಲ್ಕೈದು ಡಿಗ್ರಿ ಏರುತ್ತದೆ. ರಸ್ತೆ ಖುಲ್ಲಾ ಆಗಿ ವೇಗ ಹಿಡಿದರೆ ಇಳಿಯುತ್ತದೆ. ಹವಾಮಾನ ಇಲಾಖೆ ತಾಪಮಾನ ಅಳೆಯುವುದು ಬಿಸಿಲು ತಾಗದ, ಗಾಳಿಯಾಡುವ ಬಿಳಿ ಪೆಟ್ಟಿಗೆಯಲ್ಲಿ, ನೆಲದಿಂದ ನಾಲ್ಕಡಿಗೂ ಮೇಲೆ. ಕಾರಿನ ಸೆನ್ಸರ್ ಇರುವುದು ಕಾದ ಡಾಂಬರಿನಿಂದ ಒಂದೂವರೆ-ಎರಡು ಅಡಿ ಎತ್ತರದಲ್ಲಿ. ಮೊಬೈಲಿನಲ್ಲಿ 38 ಇದ್ದು ಕಾರಿನಲ್ಲಿ 41 ಇದ್ದರೆ ಇಬ್ಬರೂ ಅವರವರ ಜಾಗದಲ್ಲಿ ನಿಜವನ್ನೇ ಹೇಳುತ್ತಿದ್ದಾರೆ. ಆದರೆ ಬಂಪರ್ ಒಡೆದು ಹೊಸದು ಹಾಕಿಸಿದ ಮೇಲೆ ಅಂಕಿ ಸದಾ ಹೆಚ್ಚು ತೋರಿಸುತ್ತಿದ್ದರೆ ಕೆಳಗೆ ಬಗ್ಗಿ ನೋಡಿ. ಕ್ಲಿಪ್ ಇಲ್ಲದೆ ಸೆನ್ಸರ್ ರೇಡಿಯೇಟರಿನ ಪಕ್ಕಕ್ಕೆ ಜೋತುಬಿದ್ದಿರುತ್ತದೆ. ಒಂದು ಪ್ಲಾಸ್ಟಿಕ್ ಟೈ ಸಾಕು.

ನಮ್ಮ ಕಾರಿನ ಕಡಿದ ಜಾಗ ಸಿಗಲು ಮತ್ತೆ ಅರ್ಧ ಗಂಟೆ ಬೇಕಾಯಿತು. ಸೆನ್ಸರನ್ನು ಮರಳಿ ಸಿಕ್ಕಿಸಿ, ವೈರಿನ ಕಟ್ಟನ್ನು ಕಾಕಾ ಗೇಣು ಗೇಣಿಗೂ ಅಲ್ಲಾಡಿಸುತ್ತ ಹೋದ, ನಾನು ಸ್ಕ್ಯಾನರ್ ಮೇಲೆ ಕಣ್ಣಿಟ್ಟು ಕೂತೆ. ಬಲಗಡೆಯ ಹೆಡ್‌ಲೈಟಿನ ಹಿಂದೆ ಕೈ ಹೋದಾಗ ಮೈನಸ್ 40 ಒಮ್ಮೆಲೇ 28 ಆಯಿತು, ಮರುಗಳಿಗೆ ಮತ್ತೆ ಮೈನಸ್ 40. "ಅಲ್ಲೇ ಐತಿ ಕಾಕಾ!" ಎಂದು ಕೂಗಿದೆ. ಕರಿ ಟೇಪ್ ಬಿಚ್ಚಿದರೆ ಇಲಿಯ ಹಲ್ಲಿನ ಗುರುತು, ಪಕ್ಕದಲ್ಲಿ ಕಬ್ಬಿನ ರವದಿಯ ಎಳೆಗಳಿಂದ ಕಟ್ಟಿದ ಅರ್ಧ ಗೂಡು. ಕಂದು ಬಣ್ಣದ ವೈರಿನ ಮೇಲ್ಪದರ ಹೋಗಿ, ಒಳಗಿನ ತಾಮ್ರದ ಎಳೆಗಳಲ್ಲಿ ಒಂದೆರಡು ಮಾತ್ರ ಒಂದಕ್ಕೊಂದು ತಾಗಿಯೂ ತಾಗದಂತೆ ನಿಂತಿದ್ದವು. ಮನೆಯ ಹಿಂದಿನ ಹೊಲದ ಕಬ್ಬು ಮಾರ್ಚಿನಲ್ಲಿ ಕಡಿದಾಗಿತ್ತು. ನೆಲೆ ಕಳೆದುಕೊಂಡ ಇಲಿಗಳು ಬೆಚ್ಚಗಿನ ಬಾನೆಟ್ ಹುಡುಕಿಕೊಂಡು ಬಂದಿದ್ದವು. ಗ್ಯಾಸ್ ತುಂಬಿಸಿದ ದಿನ ಎಸಿ ಯಾಕೆ ಓಡಿತು ಎಂಬುದಕ್ಕೂ ಉತ್ತರ ಸಿಕ್ಕಿತು. ಗ್ಯಾಸಿನ ಪೈಪು ಹಚ್ಚಲು ಕೈ ಹಾಕಿದಾಗ ಅಲ್ಲಾಡಿದ ವೈರು ಕೂಡಿಕೊಂಡಿತ್ತು, ಮೂರು ದಿನದ ಕುಲುಕಾಟಕ್ಕೆ ಮತ್ತೆ ಬಿಟ್ಟಿತು.

ಹೆಣೆದು ಟೇಪ್ ಸುತ್ತಿ ಕೈ ತೊಳೆದುಕೊಳ್ಳುವ ಮನುಷ್ಯ ಕಾಕಾ ಅಲ್ಲ. ಕೆಟ್ಟ ಎರಡಿಂಚು ಕತ್ತರಿಸಿ, ಹೊಸ ತುಂಡು ಸೇರಿಸಿ, ಬೆಸುಗೆ ಹಾಕಿ, ಬಿಸಿಗೆ ಬಿಗಿಯುವ ಕೊಳವೆ ಏರಿಸಿ, ಅದರ ಮೇಲೆ ಸುಕ್ಕು ಪೈಪಿನ ಹೊದಿಕೆ ಹಾಕಿದ. ಗೂಡನ್ನು ತೆಗೆದು ಒರೆಸಿದ. ಕೂಲಿ ನಾಲ್ಕುನೂರು ಕೇಳಿದ, ಐದುನೂರು ಕೊಟ್ಟೆವು.

ಕೀಲಿ ತಿರುಗಿಸಿದಾಗ ಸ್ಕ್ಯಾನರಿನಲ್ಲಿ 31 ಬಂದರೂ ಡ್ಯಾಶ್‌ಬೋರ್ಡಿನಲ್ಲಿ ಮೈನಸ್ 40 ಕದಲಲಿಲ್ಲ. ಭಾಚಾನ ಮುಖ ಬಾಡಿತು. ಎಷ್ಟೋ ಮಂದಿ ಹೊಸ ಸೆನ್ಸರ್ ಹಾಕಿಸಿಯೂ ಇದೇ ಹಂತದಲ್ಲಿ ಎದೆಗುಂದಿ ಅಂಗಡಿಗೆ ವಾಪಸ್ ಓಡುತ್ತಾರೆ. ಹಲವು ಕಾರುಗಳು ಇಳಿಯುವ ಅಂಕಿಯನ್ನು ತಕ್ಷಣ ನಂಬುತ್ತವೆ, ಏರುವ ಅಂಕಿಯನ್ನು ನಂಬಲು ಸಮಯ ತೆಗೆದುಕೊಳ್ಳುತ್ತವೆ. ನಿಂತ ಕಾರಿನ ಎಂಜಿನ್ ಬಿಸಿಯನ್ನು ಊರ ಬಿಸಿ ಎಂದು ತಪ್ಪು ತಿಳಿಯದಿರಲಿ ಎಂದು ಹಾಗೆ ಮಾಡಿರುತ್ತಾರೆ. ಮೂವತ್ತು-ನಲವತ್ತು ಕಿಲೋಮೀಟರ್ ವೇಗದಲ್ಲಿ ಕೆಲವು ನಿಮಿಷ ಓಡಿದ ಮೇಲೆಯೇ ಅಂಕಿ ಏರುತ್ತದೆ. "ಒಂದ್ ಸುತ್ತ ಹೊಡದ ಬರ್ರಿ" ಎಂದ ಕಾಕಾ.

ನಿಪ್ಪಾಣಿ ರಸ್ತೆ ಹಿಡಿದೆವು. ಬಸ್ ನಿಲ್ದಾಣ ದಾಟುವವರೆಗೂ ಅದೇ ಅಂಕಿ. ಊರು ಬಿಟ್ಟು ಎರಡು ಕಿಲೋಮೀಟರ್ ಆಗಿರಬೇಕು, ಮೈನಸ್ ಗುರುತು ಅಳಿಸಿ 9 ಬಂತು, ಆಮೇಲೆ 17, 24, 31. ಬಾನೆಟ್ಟಿನೊಳಗೆ ಕಂಪ್ರೆಸರ್ ಹಿಡಿದ 'ಟಕ್' ಸದ್ದು ಕೇಳಿಸಿತು, ಎಂಜಿನ್ನಿನ ದನಿ ಒಂದಿಷ್ಟು ಭಾರವಾಯಿತು. ಭಾಚಾ ಜಾಳಿಗೆಯ ಮುಂದೆ ಅಂಗೈ ಹಿಡಿದು ನೋಡಿ, "ಮಾಮಾ, ಗಾಜ ಏರಸ್ರಿ" ಎಂದ.